ಮರುಭೂಮಿಯಿಲ್ಲದ ನಾಡಿನಲ್ಲಿ ಮರಳುಗುಡ್ಡ

ಮರಳುಗುಡ್ಡ ನೋಡಲು ರಾಜಸ್ಥಾನಕ್ಕೇ ಹೋಗಬೇಕೆಂದೇನೂ ಇಲ್ಲ. ತೂಬಗೆರೆಯ ನಾಲ್ಕೈದು ಹುಡುಗರು ಯಾರದಾದರೂ ತಂದೆಯನ್ನೋ ತಾಯಿಯನ್ನೋ ಜೊತೆಗೆ ಕರೆದುಕೊಂಡು ಬೆಳಗಿನ ಜಾವ ಹೊರಟರೆ, ಬೆಂಗಳೂರು ದಾಟಿ ಮಧ್ಯಾಹ್ನದೊಳಗೆ ಮೈಸೂರು ಜಿಲ್ಲೆಯ ತಲಕಾಡು ಸೇರಬಹುದು. ಹೊರಡುವ ಮುನ್ನ ಊರ ಬಂಡೆಯ ಬುಡದಿಂದ ಒಂದು ಹಿಡಿ ಗರಸನ್ನು ಪೊಟ್ಟಣ ಕಟ್ಟಿಕೊಳ್ಳಲಿ. ಒಂದು ಭೂತಗನ್ನಡಿಯೂ ಕೋನಮಾಪಕವೂ ಇದ್ದರೆ ಸಾಕು.

ತಲಕಾಡು ಮರುಭೂಮಿಯಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಇಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು ಮಳೆ, ಪಕ್ಕದಲ್ಲೇ ಕಾವೇರಿ, ಸುತ್ತ ಭತ್ತದ ಗದ್ದೆ. ಆದರೂ ಮರಳು ಗುಡಿಗಳನ್ನೇ ನುಂಗಿದೆ. ಪಾತಾಳೇಶ್ವರನನ್ನು ನೋಡಲು ಮರಳಿನೊಳಕ್ಕೆ ಮೆಟ್ಟಿಲಿಳಿಯಬೇಕು. ಚೋಳರ ಮೇಲಿನ ವಿಜಯದ ನೆನಪಿಗೆ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವನ್ನೂ ಮರಳು ತೋಡಿಯೇ ಬಿಡಿಸಬೇಕಾಯಿತು.

ಇದಕ್ಕೆ ಅಲಮೇಲಮ್ಮನ ಶಾಪವೇ ಕಾರಣವೆಂದು ಜನ ಹೇಳುತ್ತಾರೆ: ಎದುರು ದಡದ ಮಾಲಂಗಿ ಮಡುವಾಯಿತು, ತಲಕಾಡು ಮರಳಾಯಿತು. ಈ ಕಥೆಯನ್ನು ನಕ್ಕು ತಳ್ಳಬೇಕಿಲ್ಲ. ಅದರಲ್ಲಿ ಎರಡೂ ದಡಗಳನ್ನು ಚೆನ್ನಾಗಿ ಕಂಡವರ ತಿಳಿವಳಿಕೆಯಿದೆ. ನದಿ ತಿರುಗುವಲ್ಲಿ ಹೊರದಡದ ನೀರು ವೇಗವಾಗಿ ಹರಿದು ನೆಲವನ್ನು ಕೊರೆಯುತ್ತದೆ, ಅಲ್ಲಿ ಮಡು. ಒಳದಡದಲ್ಲಿ ನೀರು ನಿಧಾನ. ಹೊತ್ತು ತಂದ ಮರಳನ್ನು ಇಳಿಸುತ್ತದೆ. ಬೇಸಿಗೆಯಲ್ಲಿ ಒಣಗಿದ ಆ ಮರಳನ್ನು ನೈಋತ್ಯದ ಗಾಳಿ ಊರ ಕಡೆ ನೂಕುತ್ತದೆ. ಕಣಗಳು ಹಾರಿಹೋಗುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು.

ಹಾಗಾದರೆ ಹಿಂದೆ ಇಲ್ಲದ ಮರಳು ಆಮೇಲೆ ಏಕೆ ಬಂತು? 14ನೆಯ ಶತಮಾನದಲ್ಲಿ ಮೇಲ್ಗಡೆ ಮಾಧವಮಂತ್ರಿ ಅಣೆಕಟ್ಟು ಕಟ್ಟಿದ್ದರಿಂದ ಕೆಳಗಣ ಹರಿವು ತಗ್ಗಿ, ನದಿಪಾತ್ರ ಗಾಳಿಗೆ ತೆರೆದುಕೊಂಡಿತೆಂಬುದು ಒಂದು ವಾದ. ಅದು ನಿಜವಾದರೆ ಊರನ್ನು ಹೂತದ್ದು ರಾಜನ ದುರಾಸೆಯಲ್ಲ, ಗದ್ದೆಗೆ ನೀರು ತಂದ ಒಳ್ಳೆಯ ಕೆಲಸವೇ! ಶಾಪಕ್ಕಿಂತ ಇದು ಹೆಚ್ಚು ಕಸಿವಿಸಿ ಮಾಡುವ ಮಾತು.

ಇನ್ನು ಗುಡ್ಡ ಹತ್ತಲಿ. ಗಾಳಿ ಬರುವ ಬದಿ ಇಳಿಜಾರು, ಆಚೆಯದು ಕಡಿದು. ಒಣ ಮರಳನ್ನು ಮೆಲ್ಲಗೆ ರಾಶಿ ಸುರಿದು ಕೋನ ಅಳೆದರೆ ಸುಮಾರು 30ರಿಂದ 35 ಡಿಗ್ರಿ ಬರುತ್ತದೆ. ಅದಕ್ಕಿಂತ ಕಡಿದಾದರೆ ಜಾರುತ್ತದೆ. ನಡುಹಗಲಲ್ಲಿ ಅಂಗಾಲು ಸುಡುವ ಮರಳನ್ನು ಒಂದು ಗೇಣು ಕೆದಕಿದರೆ ತಂಪು. ಕಣಗಳ ನಡುವಿನ ಗಾಳಿ ಶಾಖವನ್ನು ಕೆಳಗೆ ಬಿಡುವುದಿಲ್ಲ. ಆದರೆ ಕಾಲು ಸುಟ್ಟಿತೆಂದು ನದಿಗಿಳಿಯುವುದು ಬೇಡ. ಮರಳ ತಳದ ಹೊಳೆಯಲ್ಲಿ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ. ಹಿರಿಯರೊಬ್ಬರು ದಡದಲ್ಲೇ ಕಾವಲಿರಲಿ.

ಈಗ ಪೊಟ್ಟಣ ಬಿಚ್ಚಬಹುದು. ತೂಬಗೆರೆಯ ಗರಸಿನಲ್ಲಿ ದಪ್ಪ, ಸಣ್ಣ ಎಲ್ಲ ಬೆರೆತಿವೆ: ಗಾಜಿನಂಥ ಬೆಣಚು, ಮಾಸಲು ಫೆಲ್ಡ್‌ಸ್ಪಾರ್, ಮಿನುಗುವ ಅಭ್ರಕ. ತಲಕಾಡಿನ ಮರಳಿನಲ್ಲಿ ಬೆಣಚೇ ಹೆಚ್ಚು, ಕಣಗಳೂ ಬಹುಮಟ್ಟಿಗೆ ಒಂದೇ ಗಾತ್ರ. ಈ ಮರಳು ಕಾವೇರಿಯ ಮೇಲಣ ಸೀಮೆಯದು, ತೂಬಗೆರೆಯದಲ್ಲ. ಆದರೆ ಎರಡೂ ಕಡೆಯ ಬಂಡೆಗಳು ಹತ್ತಿರದ ಜಾತಿಯವು. ದಾರಿಯಲ್ಲಿ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗಿ ನೀರಿನೊಡನೆ ಹೋಯಿತು, ದಪ್ಪ ಕಲ್ಲನ್ನು ಗಾಳಿ ಎತ್ತಲಾರದೆ ಬಿಟ್ಟಿತು, ಧೂಳನ್ನು ದೂರ ಒಯ್ದಿತು. ಗುಡಿಯ ಮೇಲೆ ಕುಳಿತದ್ದು ಉಳಿದ ಬೆಣಚು.