ಬರೀ ನೀರು ಕುಡಿಯಿರಿ ಎಂದರೆ ಸಾಲದು

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,
ಉತ್ತರ ಕನ್ನಡ, ಕಾರವಾರ

ಮಾನ್ಯರೇ,

ನನ್ನ ಅತ್ತೆ ಅಂಕೋಲಾದವರು. ದೊಡ್ಡ ಕರುಳು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು, ಅಲ್ಲಿಗೊಂದು ಚೀಲ ಅಂಟಿಸಿದ್ದಾರೆ. ಇಂಥ ಆಪರೇಶನ್ನಿಗೆ ನಮ್ಮ ಜಿಲ್ಲೆಯವರು ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಅಲೆಯುವುದು ನಿಮಗೆ ಗೊತ್ತಿದ್ದದ್ದೇ. ಆಮೇಲಿನ ದಿನಗಳನ್ನು ಕಳೆಯಬೇಕಾದದ್ದು ಮಾತ್ರ ಇಲ್ಲಿ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಚೀಲಕ್ಕೆ ಬರುವುದು ಗಂಜಿಯ ಹದದಲ್ಲಿದ್ದರೆ ಚಿಂತೆಯಿಲ್ಲ. ನೀರಾಯಿತೋ, ಮತ್ತೆ ಮತ್ತೆ ತುಂಬುತ್ತದೆ. ಭಾರಕ್ಕೂ ಏಪ್ರಿಲ್ ತಿಂಗಳ ಬೆವರಿಗೂ ಅಂಟು ಬಿಡುತ್ತದೆ. ಸೋರಿದ್ದು ತಾಗಿದಲ್ಲಿ ಚರ್ಮ ಕೆಂಪಾಗಿ ಉರಿಯುತ್ತದೆ. ಅರ್ಧ ತುಂಬುವ ಮೊದಲೇ ಕ್ಲಿಪ್ ತೆಗೆದು, ಬಸಿದು, ಚೀಲದ ಬಾಯನ್ನು ಒಳಗೂ ಹೊರಗೂ ಒರೆಸಿ ಮುಚ್ಚಬೇಕು. ಮನೆಯಲ್ಲಾದರೆ ಸರಿ. ಕಾರವಾರದ ಬಸ್ಸು ಹತ್ತುವ ದಿನ ಅತ್ತೆ ಬೆಳಗಿನಿಂದ ಏನೂ ತಿನ್ನುವುದಿಲ್ಲ.

ಬಾಯಾರಿದರೆ ನೀರು ಕುಡಿ, ಎಳನೀರು ಕುಡಿ ಎನ್ನುವುದು ನಮ್ಮಲ್ಲಿ ವಾಡಿಕೆ. ಡಿಸ್ಚಾರ್ಜ್ ಚೀಟಿಯಲ್ಲೂ 'ಹೆಚ್ಚು ನೀರು ಕುಡಿಯಿರಿ' ಎಂದೇ ಇತ್ತು. ಅತ್ತೆ ತಂಬಿಗೆಗಟ್ಟಲೆ ಕುಡಿದರು. ಕುಡಿದದ್ದೆಲ್ಲ ಚೀಲಕ್ಕೆ ಬಂತು, ಮೀನಖಂಡ ಸೆಳೆಯಿತು, ಮೂತ್ರ ಕಡಿಮೆಯಾಯಿತು, ಕಡೆಗೆ ಡ್ರಿಪ್. ನೀರನ್ನೂ ಉಪ್ಪನ್ನೂ ಹೀರಿಕೊಳ್ಳುತ್ತಿದ್ದ ದೊಡ್ಡ ಕರುಳೇ ಈಗಿಲ್ಲ. ದಿನಕ್ಕೆ ಒಂದೂವರೆ, ಎರಡು ಲೀಟರ್ ಹೋಗುತ್ತಿರುವಾಗ ಬರೀ ನೀರು ಕುಡಿದರೆ, ಕರುಳು ಮೈಯ ಉಪ್ಪನ್ನೇ ಅದಕ್ಕೆ ಬಿಟ್ಟು ಎರಡನ್ನೂ ಹೊರಹಾಕುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ.

ಉಪ್ಪೂ ಗ್ಲೂಕೋಸೂ ಒಟ್ಟಿಗಿದ್ದರೆ ಕರುಳು ನೀರನ್ನು ಒಳಗೆಳೆದುಕೊಳ್ಳುತ್ತದೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಅಳತೆ ಹೀಗಿದೆ: 1 ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಗಟಗಟನೆ ಅಲ್ಲ, ದಿನವಿಡೀ ಗುಟುಕು ಗುಟುಕಾಗಿ. ಬಿ.ಪಿ., ಕಿಡ್ನಿ, ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಎಷ್ಟು ಆಗುತ್ತದೆಂದು ವೈದ್ಯರೇ ಹೇಳಬೇಕು. ಲೋಪೆರಮೈಡ್ ಮಾತ್ರೆ ಬರೆದುಕೊಟ್ಟರೆ, ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕೆಂದೂ ಹೇಳಬೇಕು. ಕುಚ್ಚಲಕ್ಕಿ ಅನ್ನ, ಬಾಳೆಹಣ್ಣು ಗಟ್ಟಿ ಮಾಡುತ್ತವೆಂದು ನಮಗೆ ತಿಳಿದದ್ದು ಪಕ್ಕದ ಹಾಸಿಗೆಯವರಿಂದ. 1930ರಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಮಾಡಿದ ಅಂಕೋಲಾದಲ್ಲಿ ಒಬ್ಬರು ಉಪ್ಪು ಸಾಲದೆ ಆಸ್ಪತ್ರೆ ಸೇರುವುದೆಂದರೆ!

ಸೂಪರ್ ಸ್ಪೆಶಾಲಿಟಿ ಆಸ್ಪತ್ರೆಯ ಬೇಡಿಕೆ ಜಿಲ್ಲೆಯಲ್ಲಿ ಹಳೆಯದು, ಅದರ ಪಾಡಿಗೆ ಅದಿರಲಿ. ನಾನು ಕೇಳುವುದಕ್ಕೆ ಕಟ್ಟಡ ಬೇಡ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಚೀಲದ ಆರೈಕೆ ಬಲ್ಲ ನರ್ಸ್ ಒಬ್ಬರು ಕೂರಲಿ. ಅಂಕೋಲಾದ ತಾಲ್ಲೂಕು ಆಸ್ಪತ್ರೆಯ ಒಬ್ಬರಿಗಾದರೂ ಅವರು ಕೆಲಸ ಕಲಿಸಲಿ. ಮೇಲಿನ ಅಳತೆಯನ್ನು ನಿಮ್ಮ ತಜ್ಞರಿಂದ ನೋಡಿಸಿ, ಗ್ರಾಂ ಬದಲು ಚಮಚದ ಲೆಕ್ಕದಲ್ಲಿ, ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಆಶಾ ಕಾರ್ಯಕರ್ತೆಯರ ಕೈಗೆ ಕೊಡಿ. ಮಾರ್ಚ್ ಒಳಗೆ ಆದರೆ ಒಳ್ಳೆಯದು. ಆಮೇಲೆ ಸೆಕೆ ಶುರು.

ಇಂತಿ,
ಅಂಕೋಲಾದ ಒಬ್ಬ ಸೊಸೆ