ಸೂರಿನ ಮೇಲಿನ ಕಣ್ಣು ಯಾರದು

ಹೆಂಚು ಕೈಯಾಡಿಸುವವರು ಮಂಡ್ಯ ಕಡೆ ಈಗ ಸುಲಭಕ್ಕೆ ಸಿಗುವುದಿಲ್ಲ. ಯುಗಾದಿ ಕಳೆದು ಮುಂಗಾರು ಬೀಳುವುದರೊಳಗೆ ಮಾಳಿಗೆ ಹತ್ತಿ, ಒಡೆದ ಹೆಂಚು ತೆಗೆದು, ಜಾರಿದ್ದನ್ನು ಮೇಲಕ್ಕೆ ಸರಿಸಿ, ಬೆಕ್ಕು ಇಲಿ ಕೆದಕಿದ ಸಾಲನ್ನು ಮತ್ತೆ ಕೂರಿಸಿ ಇಳಿಯುತ್ತಿದ್ದವರಿಗೆ ವಯಸ್ಸಾಯಿತು. ಅವರ ಮಕ್ಕಳು ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೋ ಗಾರ್ಮೆಂಟ್ಸ್‌ಗೋ ಹೋದರು. ಮನೆಗಳೇನೂ ಹೋಗಲಿಲ್ಲ. ಹೆಂಚಿನವು ಇನ್ನೂ ಇವೆ, ಅವುಗಳ ಪಕ್ಕದಲ್ಲಿ ಸಿಮೆಂಟ್ ಶೀಟಿನವು ಇವೆ, ಮೂವತ್ತು ನಲವತ್ತು ವರ್ಷದ ಹಿಂದೆ ಸಾಲ ಮಾಡಿ ಮೋಲ್ಡ್ ಹಾಕಿಸಿ ಈಗ ಕಂಬಿಗೆ ತುಕ್ಕು ಹಿಡಿದು ಗಾರೆ ಉದುರಿಸುತ್ತಿರುವ ತಾರಸಿಗಳೂ ಇವೆ. ಇವನ್ನೆಲ್ಲ ಹತ್ತಿ ನೋಡುವವರು ಯಾರು? ಮದುವೆ ಮನೆಯಲ್ಲಿ ಗಂಡು ಹೆಣ್ಣಿನ ತಲೆಯ ಮೇಲೆ ಗುಂಯ್‌ಗುಡುವ ಡ್ರೋನನ್ನು ಸೂರಿನ ಮೇಲೂ ಒಂದು ಸುತ್ತು ಬಿಟ್ಟರಾಗದೇ ಎಂಬ ಯೋಚನೆ ಬರುವುದು ಸಹಜ.

ಬಿಡಬಹುದು. ಕೆಲವು ಕಡೆ ಬಿಡಲೇಬೇಕು ಎಂದೂ ನಾನು ಹೇಳುತ್ತೇನೆ. ಆದರೆ ಆ ಸೂರಿನ ಕೆಳಗೆ ವಾಸ ಮಾಡುವವರು ಕರೆದಾಗ ಅದು ಬರಬೇಕು, ತೆಗೆದ ಚಿತ್ರ ಮೊದಲು ಅವರ ಕೈ ಸೇರಬೇಕು. ಈ ಎರಡು ಷರತ್ತು ಬಿಟ್ಟುಹೋದರೆ ಅದೇ ಯಂತ್ರ, ಅದೇ ಚಿತ್ರ ಇನ್ನೊಂದು ಕೆಲಸಕ್ಕೆ ತಿರುಗುತ್ತದೆ.

ಮೊದಲು ಅನುಕೂಲದ ಮಾತು. ಸಿಮೆಂಟ್ ಶೀಟಿನ ಮೇಲೆ ಕಾಲಿಡುವುದು ಎಷ್ಟು ಅಪಾಯವೆಂದು ಆಲೆಮನೆಯವರನ್ನೋ ರೈಸ್‌ಮಿಲ್ಲಿನವರನ್ನೋ ಕೇಳಬೇಕು. ಶೀಟು ಹಳತಾದಷ್ಟೂ ಪೆಡಸಾಗುತ್ತದೆ. ನೋಡಲು ಗಟ್ಟಿ, ತುಳಿದರೆ ಸೀಳು. ಕೆಳಗೆ ಆಧಾರವಿರುವ ಕಡೆಯನ್ನು ಬೋಲ್ಟಿನ ಸಾಲು ನೋಡಿ ಅಂದಾಜು ಮಾಡಿ ಅದರ ಮೇಲೇ ನಡೆಯಬೇಕು. ಬೆಲ್ಲದ ಹೊಗೆ ಕೂತು ಕಪ್ಪಾದ ಶೀಟಿನ ಮೇಲೆ ಆ ಸಾಲೂ ಕಾಣದು. ಒಂದು ಬಿರುಕು ಹುಡುಕಲು ಒಬ್ಬನ ಸೊಂಟ ಮುರಿಯುವ ಈ ಕೆಲಸವನ್ನು ಎರಡು ಕಿಲೋ ಕೂಡ ತೂಗದ ಯಂತ್ರ ಹತ್ತು ನಿಮಿಷದಲ್ಲಿ ಮುಗಿಸುವುದಾದರೆ ಬೇಡವೆನ್ನಲು ಕಾರಣವಿಲ್ಲ. ತಾರಸಿಯ ಮೂಲೆಯಲ್ಲಿ ಎಲೆ ಕಟ್ಟಿಕೊಂಡ ಮಳೆನೀರಿನ ಪೈಪು, ಪ್ಯಾರಾಪೆಟ್ ಗೋಡೆಯಲ್ಲಿ ಬೇರು ಬಿಟ್ಟ ಅರಳಿ ಗಿಡ, ಸಿಂಟೆಕ್ಸ್ ತುಂಬಿ ಹರಿದು ಪಾಚಿ ಕಟ್ಟಿದ ಜಾಗ, ಏಣಿ ಹತ್ತಲಾಗದ ವಯಸ್ಸಾದ ದಂಪತಿಗೆ ಇವನ್ನೆಲ್ಲ ಫೋನಿನಲ್ಲೇ ತೋರಿಸಬಹುದು. ಮಕ್ಕಳು ಊರಲ್ಲಿಲ್ಲದ ಮನೆಗಳು ನಮ್ಮ ಕಡೆ ಕಡಿಮೆಯೇನಿಲ್ಲ.

ಇಷ್ಟಾದರೂ ಡ್ರೋನ್ ನೋಡುವುದು ಸೂರಿನ ಬೆನ್ನನ್ನು ಮಾತ್ರ. ಸೋರುವುದು ಹೊಟ್ಟೆಯಲ್ಲಿ.

ಮಳವಳ್ಳಿ ಕಡೆಯ ಹಿರಿಯ ಕೆಲಸಗಾರರೊಬ್ಬರು ಹೆಂಚಿನ ಮನೆಗೆ ಕೈ ಹಾಕುವ ಕ್ರಮ ನೋಡಿದ್ದೇನೆ. ಅವರು ಮೊದಲು ಏಣಿ ಕೇಳಲಿಲ್ಲ. ನಡುಮಧ್ಯಾಹ್ನ ಒಳಗೆ ಬಂದು, ಕದ ಕಿಟಕಿ ಎಲ್ಲ ಮುಚ್ಚಿಸಿ, ಕತ್ತಲಲ್ಲಿ ತಲೆ ಎತ್ತಿ ನಿಂತರು. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಹೆಂಚಿನ ಸಂದಿಗಳಲ್ಲಿ ಬೆಳಕಿನ ಚುಕ್ಕಿಗಳು ಒಂದೊಂದಾಗಿ ಕಂಡವು. ಆಮೇಲೆ ಜಂತೆಯ ಮೇಲಿನ ಕಂದು ಕಲೆಗಳನ್ನು ಹಿಡಿದು ಮೇಲಕ್ಕೆ ಹೋದರು, ಕಣ್ಣಿನಲ್ಲೇ. ಕಲೆ ಶುರುವಾದ ಜಾಗಕ್ಕೆ ಒಳಗಿನಿಂದ ಗಳುವಿನಲ್ಲಿ ಹೆಂಚನ್ನು ತಿವಿದರು. ಮೇಲಿದ್ದ ಹುಡುಗ ಅಲುಗಿದ ಹೆಂಚನ್ನು ಹಿಡಿದುಕೊಂಡ. ಡ್ರೋನಿನ ಮಾತೆತ್ತಿದಾಗ ನಕ್ಕು ಹೇಳಿದರು: "ಮ್ಯಾಲಿಂದ ನೋಡುದ್ರೆ ಎಲ್ಲಾ ನೆಟ್ಟಗೇ ಕಾಣ್ತದೆ ಕಣ್ ಸ್ವಾಮಿ. ನೀರು ಇಳಿಯೋದು ಒಂದ್ಕಡೆ, ತೊಟ್ಟಿಕ್ಕೋದು ಇನ್ನೊಂದ್ಕಡೆ."

ನಿಜವೇ. ಹೆಂಚಿನ ಸಂದಿಯಲ್ಲಿ ಇಳಿದ ನೀರು ರೀಪಿನ ಗುಂಟ ಹರಿದು ಮೂರು ಮೊಳ ಆಚೆ ಹಾಸಿಗೆಯ ಮೇಲೆ ಬೀಳುತ್ತದೆ. ಜಂತೆಯನ್ನು ಗೆದ್ದಲು ತಿಂದಿದೆಯೇ ಎಂಬುದು ಮೇಲಿನಿಂದ ಕಾಣುವುದಿಲ್ಲ. ಆರ್‌ಸಿಸಿ ತಾರಸಿಯಲ್ಲೂ ಅಷ್ಟೆ: ಕಾಂಕ್ರೀಟು ಒಳಗೆ ಟೊಳ್ಳಾಗಿದ್ದರೆ ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಸದ್ದು ಬದಲಾಗುತ್ತದೆ, ಚಿತ್ರದಲ್ಲಿ ಬಣ್ಣ ಬದಲಾಗುವುದಿಲ್ಲ. ಶಾಖ ಹಿಡಿಯುವ ಕ್ಯಾಮೆರಾ ಇರುವ ಡ್ರೋನ್‌ಗಳು ಹೊತ್ತು ಮುಳುಗಿದ ಮೇಲೆ ಒದ್ದೆ ಭಾಗ ತಡವಾಗಿ ತಣಿಯುವುದನ್ನು ತೋರಿಸುತ್ತವೆ. ಅದು ದೊಡ್ಡ ಕಟ್ಟಡಗಳಿಗೆ ಹೊಂದುವ, ದುಬಾರಿಯಾದ ಮಾತು. ಹಾಗಾಗಿ ಸೂರು ಪರೀಕ್ಷೆಯ ಮಟ್ಟಿಗೆ ಡ್ರೋನಿಗೆ ನಾನು ಕೊಡುವ ಸ್ಥಾನ ಸಹಾಯಕನದು. ಎಲ್ಲಿ ಹತ್ತಬೇಕು, ಎಲ್ಲಿ ಹತ್ತಬಾರದು ಎಂದು ಅದು ಹೇಳಲಿ. ಏನಾಗಿದೆ ಎಂದು ಹೇಳುವವನು ಮನುಷ್ಯನೇ ಇರಲಿ.

ಇದು ರಿಪೇರಿಯ ಮಾತಾಯಿತು. ರಿಪೇರಿಗೆ ಎಷ್ಟೋ ಮುಂಚೆಯೇ ನಮ್ಮ ಸೂರುಗಳನ್ನು ಡ್ರೋನ್ ನೋಡಿಯಾಗಿದೆ. 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನ, ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಶುರು ಮಾಡಿತು. ಗ್ರಾಮಠಾಣದೊಳಗಿನ ಮನೆಗಳನ್ನು ಸರ್ವೆ ಆಫ್ ಇಂಡಿಯಾ ಡ್ರೋನಿನಿಂದ ಅಳೆದು 1:500 ಪ್ರಮಾಣದ ನಕ್ಷೆ ಮಾಡುವುದು, ಮನೆಯವರಿಗೆ ಆಸ್ತಿ ಕಾರ್ಡ್ ಕೊಡುವುದು ಉದ್ದೇಶ. ಮೊದಲ ಹಂತದ 6 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷ ಅಕ್ಟೋಬರ್ 11ರಂದು 763 ಹಳ್ಳಿಗಳಿಗೆ ಕಾರ್ಡ್ ಹಂಚಿದಾಗ ಕರ್ನಾಟಕದ ಪಾಲಿಗಿದ್ದದ್ದು 2 ಹಳ್ಳಿ. ನಿಧಾನವನ್ನು ನಾನು ತಪ್ಪೆನ್ನುವುದಿಲ್ಲ, ಅದಕ್ಕೊಂದು ಒಳ್ಳೆಯ ಕಾರಣ ನಮ್ಮ ಮನೆಗಳಲ್ಲೇ ಇದೆ.

ಡ್ರೋನಿಗೆ ಕಾಣುವುದು ಸೂರಿನ ಅಂಚು, ಗೋಡೆಯಲ್ಲ. ನಮ್ಮ ಹಳ್ಳಿಯ ಮನೆಯಲ್ಲಿ ಸೂರು ಗೋಡೆಯನ್ನು ದಾಟಿ ಮೊಳದಷ್ಟು ಮುಂದೆ ಬಂದಿರುತ್ತದೆ. ಸೂರುನೀರು ಬೀಳುವ ಆ ಮೊಳ ಜಾಗಕ್ಕಾಗಿ ಅಣ್ಣ ತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಎರಡು ಮನೆಗೆ ಒಂದೇ ನಡುಗೋಡೆ ಇದ್ದರಂತೂ ಮೇಲಿನಿಂದ ಎರಡೂ ಒಂದೇ ಮಾಳಿಗೆ. ಅದಕ್ಕೇ ಸ್ವಾಮಿತ್ವದಲ್ಲಿ ಡ್ರೋನ್ ಹಾರುವ ಮುಂಚೆ ಪಂಚಾಯಿತಿಯವರು ಮನೆಯವರನ್ನು ನಿಲ್ಲಿಸಿಕೊಂಡು ಗಡಿಗೆ ಸುಣ್ಣದ ಗೆರೆ ಎಳೆಯುತ್ತಾರೆ, ಹಾರಿದ ಮೇಲೆ ಕರಡು ನಕ್ಷೆ ಹಿಡಿದು ಆಕ್ಷೇಪಣೆ ಕೇಳುತ್ತಾರೆ. ಈ ಸುಣ್ಣದ ಗೆರೆಯನ್ನು ನಾನು ಯೋಜನೆಯ ಬಹಳ ದೊಡ್ಡ ಸಂಗತಿ ಎಂದು ತಿಳಿದಿದ್ದೇನೆ. ಮೇಲಿನ ಯಂತ್ರ ಏನು ನೋಡಬೇಕೆಂದು ಕೆಳಗಿನ ಜನ ನೆಲದ ಮೇಲೆ ಬರೆದು ತೋರಿಸುವ ಕ್ರಮ ಅದು. ಕೆಳಗಿನವರ ಮಾತಿಲ್ಲದೆ ಮೇಲಿನ ಚಿತ್ರಕ್ಕೆ ಅರ್ಥವಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು.

ಈ ಒಪ್ಪಿಗೆ ಎಲ್ಲ ಕಡೆಗೂ ಹೋಗಬೇಕಾಗಿತ್ತು. ಹೋಗಿಲ್ಲ. ವಸತಿ ಯೋಜನೆಯಲ್ಲಿ ಮನೆ ಕಟ್ಟುವವರಿಗೆ ತಳಪಾಯ, ಲಿಂಟಲ್, ಚಾವಣಿ, ಪೂರ್ಣ ಎಂದು ಹಂತಹಂತಕ್ಕೆ ಜಿಪಿಎಸ್ ಫೋಟೋ ಆಗದೆ ಬಿಲ್ಲು ಬರುವುದಿಲ್ಲ. ಫೋಟೋ ಸರಿಯಿಲ್ಲವೆಂದರೆ ಕಟ್ಟಿದ ಮನೆಯೂ ಇಲ್ಲದಂತೆಯೇ. ನೋಟಕ್ಕೆ ದುಡ್ಡಿನ ಬಲ ಬಂದ ಮೇಲೆ ಅದನ್ನು ಯಾರು, ಎಲ್ಲಿಂದ ನೋಡುತ್ತಾರೆ ಎಂಬುದು ತಾಂತ್ರಿಕ ವಿವರವಾಗಿ ಉಳಿಯುವುದಿಲ್ಲ.

ಮಳೆಹಾನಿಯ ಪರಿಹಾರವನ್ನೇ ತೆಗೆದುಕೊಳ್ಳಿ. 2019ರ ಪ್ರವಾಹದ ನಂತರ ರಾಜ್ಯ ಸರ್ಕಾರ ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಗೆ 50 ಸಾವಿರ. ಒಂದು ಅಕ್ಷರದಿಂದ ಇನ್ನೊಂದಕ್ಕೆ ಜಾರಿದರೆ ಲಕ್ಷಗಳು ಜಾರುತ್ತವೆ. ಗ್ರಾಮ ಆಡಳಿತಾಧಿಕಾರಿಯೂ ಎಂಜಿನಿಯರೂ ಮನೆಮನೆಗೆ ಬಂದು ಬರೆಯುವ ಈ ಲೆಕ್ಕದಲ್ಲಿ ವಶೀಲಿ ನಡೆಯುತ್ತದೆ ಎಂಬ ದೂರು ಎಲ್ಲ ಊರಲ್ಲೂ ಇದೆ. ಡ್ರೋನ್ ಹಾರಿಸಿಬಿಟ್ಟರೆ ವಶೀಲಿ ತಪ್ಪುತ್ತದೆ ಎನ್ನುವವರ ವಾದ ಗಟ್ಟಿಯಾಗಿ ಕೇಳುತ್ತದೆ. ಆದರೆ ನಮ್ಮ ಕಡೆ ಮಳೆಗೆ ಮನೆ ಬೀಳುವುದು ಹೇಗೆ? ಮಣ್ಣಿನ ಗೋಡೆ ಬುಡದಲ್ಲಿ ನೀರು ಹೀರಿ, ಉಬ್ಬಿ, ಒಂದು ಕಡೆಗೆ ವಾಲುತ್ತದೆ. ಹೆಂಚಿನ ಸಾಲು ಅಲುಗದೆ ಹಾಗೇ ಇರುತ್ತದೆ. ಮೇಲಿನ ಚಿತ್ರ ನೋಡಿದವನು ಸುಭದ್ರ ಎಂದು ಬರೆಯುತ್ತಾನೆ. ಒಳಗಿದ್ದವರು ಆ ರಾತ್ರಿ ನೆಂಟರ ಮನೆಗೆ ಹೋಗಿ ಮಲಗಿರುತ್ತಾರೆ. ಸಿ ಎಂದು ಬರೆಸಿಕೊಂಡ ಮನೆ ವಾರ ಕಳೆದು ಬಿದ್ದರೆ ಚಿತ್ರ ಅವರ ವಿರುದ್ಧವೇ ಸಾಕ್ಷಿ.

ಹಾಗಿದ್ದರೆ ಡ್ರೋನನ್ನು ಪರಿಹಾರದ ಕೆಲಸದಿಂದ ದೂರ ಇಡಬೇಕೇ? ಬೇಡ, ತಿರುಗಿಸಿ ಹಿಡಿಯಬೇಕು. ಮಳೆಯ ನಂತರದ ಚಿತ್ರಕ್ಕಿಂತ ಮಳೆಗೆ ಮುಂಚಿನ ಚಿತ್ರ ಬಡವನಿಗೆ ಹೆಚ್ಚು ಬೆಲೆಯದು. "ನಿನ್ನ ಮನೆ ಮೊದಲೇ ಪಾಳಾಗಿತ್ತು" ಎಂದು ಅಧಿಕಾರಿ ಹೇಳಿದಾಗ, ಇಲ್ಲ ಎಂದು ತೋರಿಸಲು ಅವನ ಹತ್ತಿರ ಏನಿರುತ್ತದೆ? ಸ್ವಾಮಿತ್ವಕ್ಕೆಂದು ಡ್ರೋನ್ ಹಾರಿದ ಊರುಗಳಲ್ಲಿ ಪ್ರತಿ ಮಾಳಿಗೆಯ ಚಿತ್ರವೂ ತಾರೀಖಿನ ಸಮೇತ ಸರ್ಕಾರದ ಕಡತದಲ್ಲಿದೆ. ಆಸ್ತಿ ಕಾರ್ಡಿನ ಜೊತೆಗೆ ಆ ಮನೆಯ ಮಾಳಿಗೆಯ ಚಿತ್ರದ ಒಂದು ಪ್ರತಿಯನ್ನೂ ಕೊಟ್ಟುಬಿಟ್ಟರೆ ಹೊಸ ಖರ್ಚಿಲ್ಲದೆ ಅವನಿಗೊಂದು ದಾಖಲೆ ಸಿಕ್ಕಂತೆ. ಗೋಡೆಯ ಕಥೆಯನ್ನು ಅದು ಹೇಳದಿದ್ದರೂ, ಮಾಳಿಗೆಯ ಮಟ್ಟಿಗಾದರೂ ಅವನ ಪರ ನಿಲ್ಲುತ್ತದೆ. ಈಗಿನ ವ್ಯವಸ್ಥೆಯಲ್ಲಿ ಅವನ ಸೂರಿನ ಚಿತ್ರ ಎಲ್ಲರ ಹತ್ತಿರ ಇರಬಹುದು, ಅವನ ಹತ್ತಿರ ಒಂದನ್ನು ಬಿಟ್ಟು.

ಅಮೆರಿಕದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿನ ವಿಮಾ ಕಂಪನಿಗಳು ಮೇಲಿನಿಂದ ತೆಗೆದ ಚಿತ್ರ ನೋಡಿ, ಸೂರು ಹಳತಾಗಿದೆ, ಪಾಚಿ ಕಟ್ಟಿದೆ ಎಂದು ಹೇಳಿ ಮನೆಗಳ ಪಾಲಿಸಿ ನಿಲ್ಲಿಸುತ್ತಿವೆ. ಚಿತ್ರ ತೆಗೆದದ್ದು ಎಷ್ಟೋ ಜನಕ್ಕೆ ಪತ್ರ ಬಂದ ಮೇಲೆಯೇ ಗೊತ್ತಾಗುತ್ತದೆ. ನಮ್ಮಲ್ಲಿ ಮನೆಗೆ ವಿಮೆ ಮಾಡಿಸುವವರು ವಿರಳ, ಹಾಗಾಗಿ ಆ ಜಾಗದಲ್ಲಿ ಸರ್ಕಾರ ಕೂತಿದೆ.

ಇನ್ನು ಮಾನಮರ್ಯಾದೆಯ ಪ್ರಶ್ನೆ. ಹಳೇ ಮೈಸೂರಿನ ತೊಟ್ಟಿಮನೆಯನ್ನು ಬೀದಿಯಿಂದ ನೋಡಿ: ದಪ್ಪ ಗೋಡೆ, ಸಣ್ಣ ಕಿಟಕಿ, ತಗ್ಗಿ ಹೋಗಬೇಕಾದ ಬಾಗಿಲು. ಒಳಗೆ ಹೋದರೆ ನಡುವೆ ತೊಟ್ಟಿ, ಮೇಲೆ ಆಕಾಶ. ಎಣ್ಣೆ ನೀರು ಹಾಕಿಸಿಕೊಂಡ ಮಗುವಿಗೆ ಎಳೆಬಿಸಿಲು ಕಾಯಿಸುವುದು, ಹೆಂಗಸರು ತಲೆ ಆರಿಸಿಕೊಳ್ಳುವುದು, ಸಂಡಿಗೆ ಇಡುವುದು ಎಲ್ಲ ಅಲ್ಲೇ. ಈ ಮನೆ ಕಟ್ಟಿದವರು ಬೀದಿಗೆ ಬೆನ್ನು ತಿರುಗಿಸಿ ಆಕಾಶಕ್ಕೆ ಎದೆ ತೆರೆದರು. ಆಕಾಶದಲ್ಲಿ ನೋಡುವವರು ಯಾರೂ ಇರಲಿಲ್ಲ. ತಾರಸಿ ಮನೆ ಬಂದ ಮೇಲೆ ಅದೇ ಸಲಿಗೆ ಮಾಳಿಗೆಗೆ ಹತ್ತಿತು: ಬಟ್ಟೆ ಒಣಹಾಕುವುದು, ಬೇಸಗೆಯಲ್ಲಿ ಚಾಪೆ ಹಾಸಿ ಮಲಗುವುದು. ಪಕ್ಕದ ಮನೆಯ ಸೂರು ನೋಡಲು ಬಂದ ಡ್ರೋನಿಗೂ ಇವೆಲ್ಲ ಕಾಣುತ್ತವೆ.

ನೆರೆಯವರ ನೋಟದಿಂದ ಮನೆಯನ್ನು ಕಾಯುವುದು ನಮ್ಮ ಕಾನೂನಿಗೆ ಹೊಸದೇನಲ್ಲ. 1882ರ ಅನುಭೋಗದ ಹಕ್ಕುಗಳ ಕಾಯ್ದೆಯ 18ನೇ ಕಲಮು, ಪಕ್ಕದ ಮನೆಯ ಮರೆಯನ್ನು ಕೆಡಿಸುವಂತೆ ಹೊಸ ಕಿಟಕಿ ತೆರೆಯಬಾರದೆಂಬ ಊರ ರೂಢಿಗೂ ಕಾನೂನಿನ ಬಲ ಉಂಟೆಂದು ಉದಾಹರಣೆ ಕೊಡುತ್ತದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ತೀರ್ಪು ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲಿದೆ. ಅಮೆರಿಕದ ಸುಪ್ರೀಂ ಕೋರ್ಟು ಬೇರೆ ದಾರಿ ಹಿಡಿದಿತ್ತು. ಫ್ಲಾರಿಡಾದಲ್ಲಿ ಒಬ್ಬನ ಮನೆಯ ಹಿಂದಿನ ಗಾಜುಮನೆಯ ಚಾವಣಿಯಲ್ಲಿ ಕೆಲವು ಹಲಗೆ ಇರಲಿಲ್ಲ. ಪೊಲೀಸರು 400 ಅಡಿ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಇಣುಕಿ ಗಾಂಜಾ ಕಂಡರು. ವಾರೆಂಟ್ ಬೇಕಿರಲಿಲ್ಲವೆಂದು 1989ರಲ್ಲಿ ತೀರ್ಪಾಯಿತು. ನಮ್ಮ 2021ರ ಡ್ರೋನ್ ನಿಯಮಗಳೂ ಹಸಿರು ವಲಯದಲ್ಲಿ ಅನುಮತಿ ಇಲ್ಲದೆ ಹಾರಲು ಬಿಟ್ಟಿರುವ ಎತ್ತರ 400 ಅಡಿಯೇ. ಎತ್ತರ, ತೂಕ, ವಲಯಗಳ ಬಗ್ಗೆ ಆ ನಿಯಮಗಳು ವಿವರವಾಗಿ ಮಾತಾಡುತ್ತವೆ. ಕೆಳಗೆ ತಲೆ ಆರಿಸಿಕೊಳ್ಳುತ್ತಿರುವ ಹೆಂಗಸಿನ ಬಗ್ಗೆ ಅಷ್ಟು ಮಾತಾಡುವುದಿಲ್ಲ.

ಮುಚ್ಚಿಡುವಂಥದ್ದು ಇಲ್ಲದಿದ್ದರೆ ಹೆದರಿಕೆ ಯಾಕೆ ಎಂದು ಕೇಳುವವರಿದ್ದಾರೆ. ಮಂಡ್ಯ ನಗರದಲ್ಲಿ ಒಂದು ಅಂತಸ್ತಿಗೆ ಕಂದಾಯ ಕಟ್ಟಿ ಎರಡು ಕಟ್ಟಿಕೊಂಡವರು ಇರಬಹುದು, ಅವರನ್ನು ಹಿಡಿಯುವ ಅಧಿಕಾರ ನಗರಾಡಳಿತಕ್ಕೆ ಇರಲೇಬೇಕು. ಆದರೆ ಮನೆಯ ಅಂತಸ್ತು ಎಣಿಸಲು ಬೀದಿಯಲ್ಲಿ ನಿಂತರೆ ಸಾಕು. ಮೇಲಿನಿಂದಲೇ ಅಳೆಯಬೇಕಾದರೆ ವಾರ ಮುಂಚೆ ನೋಟಿಸು ಅಂಟಿಸಿ, ತಮಟೆ ಹೊಡೆಸಿ, ಹಗಲು ಹೊತ್ತಿನಲ್ಲಿ ಬರಲಿ. ಕದ್ದು ನೋಡಿ ಗೆದ್ದ ಕಂದಾಯಕ್ಕಿಂತ ಜನರ ನಂಬಿಕೆ ಕಳೆದುಕೊಂಡ ನಷ್ಟ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಸ್ವಂತ ಮನೆಯ ಸೂರು ನೋಡಿಸಬೇಕೆಂದಿರುವವರಿಗೆ ಒಂದು ಮಾತು. ಮದುವೆ ಡ್ರೋನಿನ ಹುಡುಗನನ್ನೇ ಕರೆದರೂ ಆಗುತ್ತದೆ, ಆದರೆ ತೀರಾ ಸಣ್ಣ ನ್ಯಾನೋ ಡ್ರೋನ್ ಅಲ್ಲದಿದ್ದರೆ ದುಡ್ಡು ಪಡೆದು ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ ಬೇಕು, ಡ್ರೋನಿಗೆ ನೋಂದಣಿ ಸಂಖ್ಯೆ ಇರಬೇಕು. ನಿಯಮ ಮೀರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಕಬ್ಬಿಗೆ ಔಷಧಿ ಹೊಡೆಯುವ ದೊಡ್ಡ ಡ್ರೋನನ್ನು ಹೆಂಚಿನ ಹತ್ತಿರಕ್ಕೂ ಬಿಡಬೇಡಿ, ಅದರ ಗಾಳಿಗೇ ಹೆಂಚು ಜಾರುತ್ತದೆ. ಹಾರಿಸುವ ಮುಂಚೆ ಅಕ್ಕಪಕ್ಕದ ಮನೆಗೆ ಹೋಗಿ ಹೇಳಿಬನ್ನಿ. ವಿಡಿಯೋದ ಮೂಲಪ್ರತಿ ನಿಮ್ಮ ಫೋನಿಗೆ ಬಂದು, ಅವನ ಕಾರ್ಡಿನಿಂದ ಅಳಿಸಿದ ಮೇಲೆಯೇ ದುಡ್ಡು ಕೊಡಿ.