ವಾಕರ್ ನಡಿಗೆ ಕಲಿಸುವುದಿಲ್ಲ

ಮಗುವಿಗೆ ಆರು ತಿಂಗಳು ತುಂಬುತ್ತಿದ್ದಂತೆ ವಾಕರ್ ತರುವುದು ನಗರದ ಅನೇಕ ಕುಟುಂಬಗಳಲ್ಲಿ ರೂಢಿಯಾಗಿದೆ. ಯಲಹಂಕದ ಪುಟ್ಟೇನಹಳ್ಳಿಯಂತಹ ಬಡಾವಣೆಗಳೂ ಇದಕ್ಕೆ ಹೊರತಲ್ಲ. ಕೂಸು ಬೇಗ ನಡೆಯಲಿ ಎಂಬ ಹಂಬಲ ಹಾಗೂ ಅಡುಗೆ ಮುಗಿಯುವವರೆಗೆ ಅದು ಸುರಕ್ಷಿತವಾಗಿರಲಿ ಎಂಬ ಅನಿವಾರ್ಯತೆ ಇದರ ಹಿಂದಿವೆ. ಈ ಎರಡೂ ನಿರೀಕ್ಷೆಗಳು ಹುಸಿ.

ವಾಕರ್‌ನಲ್ಲಿ ಕುಳಿತ ಮಗು ತುದಿಗಾಲಿನಿಂದ ನೆಲವನ್ನು ತಳ್ಳುತ್ತದೆಯೇ ಹೊರತು ತನ್ನ ಭಾರವನ್ನು ತಾನೇ ಹೊತ್ತು ಸಮತೋಲನ ಸಾಧಿಸುವುದಿಲ್ಲ. ಐರ್ಲೆಂಡಿನ 190 ಶಿಶುಗಳನ್ನು ಕುರಿತು ಬ್ರಿಟಿಷ್ ಮೆಡಿಕಲ್ ಜರ್ನಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾಕರ್‌ನಲ್ಲಿ ಕಳೆದ ಪ್ರತಿ 24 ಗಂಟೆಗೆ ಸ್ವತಂತ್ರ ನಡಿಗೆ ಸುಮಾರು 3.3 ದಿನ ತಡವಾಗಿತ್ತು. ಈ ವಿಳಂಬ ಆತಂಕಕಾರಿಯೇನಲ್ಲ. ಆತಂಕವಿರುವುದು ಅಪಘಾತದಲ್ಲಿ.

ಅಮೆರಿಕದಲ್ಲಿ 1990ರಿಂದ 2014ರವರೆಗೆ 15 ತಿಂಗಳೊಳಗಿನ ಸುಮಾರು 2.30 ಲಕ್ಷ ಮಕ್ಕಳು ವಾಕರ್ ಅಪಘಾತಗಳಿಂದ ತುರ್ತು ಚಿಕಿತ್ಸೆ ಪಡೆದರು. ಶೇ 90ಕ್ಕೂ ಹೆಚ್ಚು ಗಾಯಗಳು ತಲೆ ಮತ್ತು ಕುತ್ತಿಗೆಯವು. ನಾಲ್ಕರಲ್ಲಿ ಮೂರು ಪ್ರಕರಣಗಳು ಮೆಟ್ಟಿಲಿನಿಂದ ಉರುಳಿದ್ದರಿಂದ ಆದಂಥವು. ವಾಕರ್ ಸೆಕೆಂಡಿಗೆ ಒಂದು ಮೀಟರ್‌ನಷ್ಟು ವೇಗದಲ್ಲಿ ಓಡಬಲ್ಲದು. ಪಕ್ಕದಲ್ಲೇ ಇರುವ ತಾಯಿಯ ಕೈಗೂ ಅದು ಸಿಗುವುದಿಲ್ಲ. ಬಾಗಿಲಾಚೆಯೇ ಮೆಟ್ಟಿಲಿರುವ ಮಹಡಿ ಮೇಲಿನ ಬಾಡಿಗೆ ಮನೆಗಳಲ್ಲಿ ಇದರ ಅರ್ಥವನ್ನು ವಿವರಿಸಬೇಕಿಲ್ಲ.

ಕೆನಡಾ 2004ರಲ್ಲೇ ವಾಕರ್ ಮಾರಾಟ, ಆಮದು, ಜಾಹೀರಾತುಗಳನ್ನು ನಿಷೇಧಿಸಿತು. ಹಳೆಯದನ್ನು ಮರುಮಾರಾಟ ಮಾಡುವುದೂ ಅಲ್ಲಿ ಅಪರಾಧ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ನಿಷೇಧಕ್ಕೆ ಒತ್ತಾಯಿಸುತ್ತಾ ಬಂದಿದೆ. ಭಾರತದಲ್ಲಿ ಅಂಥ ನಿಷೇಧವಿಲ್ಲ. ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ವಾಕರ್ ನಡಿಗೆ ಕಲಿಸುವ ಸಾಧನವೆಂದೇ ಬಿಕರಿಯಾಗುತ್ತಿದೆ.

ಕೇಂದ್ರ ಸರ್ಕಾರ ನಿಷೇಧದತ್ತ ಹೆಜ್ಜೆ ಇಡಬೇಕು. ಅಲ್ಲಿಯವರೆಗೆ ರಾಜ್ಯದ ಆರೋಗ್ಯ ಇಲಾಖೆ ಸುಮ್ಮನೆ ಕೂರಬೇಕಾಗಿಲ್ಲ. ಹದಿನಾಲ್ಕನೇ ವಾರದ ಲಸಿಕೆಗೆ ಬರುವ ತಾಯಂದಿರು ಇನ್ನೂ ವಾಕರ್ ಕೊಂಡಿರುವುದಿಲ್ಲ. ಆಗಲೇ ದಾದಿಯರು, ಆಶಾ ಕಾರ್ಯಕರ್ತೆಯರು ಎಚ್ಚರಿಸಿದರೆ ಖರ್ಚೂ ಇಲ್ಲ, ಕಾನೂನಿಗಾಗಿ ಕಾಯಬೇಕಿಲ್ಲ. ತೆವಳಲು, ಅಂಬೆಗಾಲಿಡಲು ಚಾಪೆ ಹಾಸಿದ ನೆಲ ಸಾಕು. ಬಾಗಿಲಿಗೊಂದು ತಡೆ, ಹಿರಿಯರ ಕಣ್ಗಾವಲು ಇರಲಿ. ಮಗುವನ್ನು ನೋಡಿಕೊಳ್ಳುವ ಹೊಣೆಯನ್ನು ಗಾಲಿಗಳಿಗೆ ವಹಿಸಲಾಗದು.